ತಾ ಎಂಬ ಮಗು

ನಮ್ಮ ದೇಶವನ್ನು ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ದಾಟಲು ನಾಲ್ಕು ಗಂಟೆ ಸಾಕು. ಕೊನೆಯಲ್ಲಿ ದ್ವೀಪದ ಹಡಗು ಹತ್ತಬೇಕು ಅಂದರೂ ಆರೇಳು ಗಂಟೆಯ ಕೆಲಸ. ನಾನು ಐದು ದಿನ ತೆಗೆದುಕೊಂಡೆ. ಕಾರು ಹಳೆಯದು, ನಿಧಾನವಾಗಿ ಹೋಗಬೇಕು ಎಂದು ಕೇಳಿದವರಿಗೆಲ್ಲ ಹೇಳಿದೆ. ಕಾರು ಹಳೆಯದು ಹೌದು, ಪಾಪ ಅದರ ತಪ್ಪೇನೂ ಇರಲಿಲ್ಲ. ಹೆದರಿದ್ದವಳು ನಾನು.

ಹೊರಟಿದ್ದು ಮಂಗಳವಾರ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿ, ಪುಟ್ಟ ಗ್ಯಾಸ್ ಒಲೆ, ಒಂದು ಪಾತ್ರೆ, ರೈ ಹಿಟ್ಟಿನ ಎರಡು ಕರಿ ಬ್ರೆಡ್ಡು ತುಂಬುತ್ತಿದ್ದಾಗ ಪಕ್ಕದ ಮನೆಯ ಹೆಲ್ಯು ಬೇಲಿಯಾಚೆಯಿಂದ ಕತ್ತು ಚಾಚಿದಳು. ಆ ಕತ್ತಿನ ಕಣ್ಣು ತಪ್ಪಿಸಿ ನಮ್ಮ ಬೀದಿಯಲ್ಲಿ ಬೆಕ್ಕು ಕೂಡ ಮರಿ ಹಾಕಿದ್ದಿಲ್ಲ.

"ಎಲ್ಲಿಗೆ ಹೊರಟೆ ಮಾರಾಯ್ತಿ? ಮನೆ ಖಾಲಿ ಮಾಡ್ತಿದೀಯಾ?"

"ದೇಶ ನೋಡ್ಕೊಂಡು ಬರ್ತೀನಿ."

"ಯಾವ ದೇಶ?"

"ನಮ್ಮದೇ."

"ಎಸ್ಟೋನಿಯಾನಾ?" ಹೆಲ್ಯು ಬಿದ್ದು ಬಿದ್ದು ನಕ್ಕಳು. "ಇದರಲ್ಲಿ ನೋಡೋಕೇನಿದೆಯೇ? ಮಧ್ಯಾಹ್ನದ ಊಟದೊಳಗೆ ಮುಗ್ದೋಗತ್ತೆ. ಆಮೇಲೆ ಸಮುದ್ರಕ್ಕೆ ಬೀಳ್ತೀಯ ಅಷ್ಟೇ."

"ಬಿದ್ರೆ ಈಜ್ತೀನಿ. ನೀನು ನನ್ನ ಬೆಕ್ಕಿಗೆ ಹಾಲು ಹಾಕು."

"ಒಬ್ಳೇನಾ?"

"ಒಬ್ಳೇ. ನಿನ್ನನ್ನ ಕರ್ಕೊಂಡು ಹೋದ್ರೆ ದಾರೀಲಿ ನಾನೇ ಇಳಿದುಬಿಡ್ತೀನಿ."

ಅವಳಿಗೆ ನಿಜ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷ ನಾನು ಗಾಡಿ ಅಂಗಡಿ ಓಡಿಸಿದವಳು. ಬಸ್ಸಿನೊಳಗೆ ಹಾಲು, ಬ್ರೆಡ್ಡು, ಸಾಸೇಜು, ಬೆಂಕಿಪೆಟ್ಟಿಗೆ ಜೋಡಿಸಿಕೊಂಡು ವೋರು ಪಟ್ಟಣದ ಸುತ್ತಲಿನ ಹಳ್ಳಿಗಳಿಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಯಾರ ಮನೆಯಲ್ಲಿ ನೆಂಟರು, ಯಾರ ಮನೆಯಲ್ಲಿ ಜಗಳ, ಯಾರು ಕುಡಿಯುವುದು ಬಿಟ್ಟರು, ಯಾರು ಬಿಟ್ಟಂತೆ ನಟಿಸುತ್ತಿದ್ದಾರೆ ಎಂಬುದನ್ನೆಲ್ಲ ಅವರ ಚೀಲ ನೋಡಿಯೇ ಹೇಳುತ್ತಿದ್ದೆ. ನನ್ನ ಚೀಲದಲ್ಲಿ ಏನಿದೆ ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಎಂಬತ್ನಾಲ್ಕರ ನವೆಂಬರ್. ನನಗೆ ಹತ್ತೊಂಬತ್ತು. ಮಗುವಿನ ಅಪ್ಪ ಯಾರು ಅನ್ನುವುದು ಈ ಕಥೆಗೆ ಬೇಡ, ಅವನಿಗೂ ಬೇಡವಾಗಿತ್ತು. ಮಗು ಎತ್ತಿಕೊಂಡು ಈ ಹೊಸ್ತಿಲು ತುಳಿಯಬೇಡ ಎಂದು ನಮ್ಮಪ್ಪ ಹೇಳಿದ್ದರು. ಆ ಮಾತು ಮೀರುವ ಧೈರ್ಯ ನನಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಬೇಕಾದ ದಿನ ಇರಲಿಲ್ಲ.

ಹೆರಿಗೆ ಮಾಡಿಸಿದ ಹೆಂಗಸು ಕೆಟ್ಟವಳಲ್ಲ. ನನ್ನ ತಲೆ ಸವರಿ, "ಮುಖ ಆ ಕಡೆ ತಿರುಗಿಸ್ಕೊ ಮಗಳೇ, ನೋಡಿದ್ರೆ ಕೊಡಕ್ಕಾಗಲ್ಲ," ಅಂದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಗೋಡೆಗೆ ಎದೆಯೆತ್ತರದವರೆಗೆ ತಿಳಿಹಸಿರು ಎಣ್ಣೆಬಣ್ಣ ಬಳಿದಿದ್ದರು. ಬೆನ್ನ ಹಿಂದೆ ಮಗು ಅತ್ತಿತು. "ಚೆನ್ನಾಗಿದೆ, ಗಂಟಲು ಜೋರಿದೆ, ಬದುಕ್ಕೊಳ್ಳತ್ತೆ," ಅಂದಳು ಆ ಹೆಂಗಸು. ಆಮೇಲೆ ಅಳು ದೂರ ಹೋಯಿತು, ಬಾಗಿಲು ಮುಚ್ಚಿತು, ಅಳು ನಿಂತಿತು.

ನಮ್ಮ ಮಾತಿನಲ್ಲಿ ಅವನು ಅನ್ನುವುದಕ್ಕೂ ಅವಳು ಅನ್ನುವುದಕ್ಕೂ ಇರುವುದು ಒಂದೇ ಪದ: ತಾ. ಗಂಡು ಬಂದರೂ ತಾ, ಹೆಣ್ಣು ಬಂದರೂ ತಾ. ಹೇಳುವವರಿಗೆ ಗೊತ್ತಿರುತ್ತದೆ, ಕೇಳುವವರಿಗೂ ಗೊತ್ತಿರುತ್ತದೆ, ಪದಕ್ಕೆ ಮಾತ್ರ ಗೊತ್ತಿರುವುದಿಲ್ಲ. ಬೇರೆ ಜನರ ಭಾಷೆಗಳಲ್ಲಿ ಎರಡು ವಾಕ್ಯ ಆಡುವಷ್ಟರಲ್ಲಿ ಗುಟ್ಟು ಹೊರಗೆ ಬೀಳುತ್ತದಂತೆ. ನನ್ನ ಪಾಲಿಗೆ ಅದು ಮೂವತ್ತೆಂಟು ವರ್ಷ ಬೀಳಲಿಲ್ಲ. ಆಗ ಸೋವಿಯತ್ ಆಳ್ವಿಕೆ, ಮಗು ಬಿಟ್ಟುಕೊಟ್ಟೆ ಎಂದು ಬರೆಸಿ ಮಾರನೆಯ ದಿನ ತಂದ ಕಾಗದ ರಷ್ಯನ್ನಿನಲ್ಲಿತ್ತು, ರಷ್ಯನ್ನಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಓದಿದ್ದರೆ ತಿಳಿಯುತ್ತಿತ್ತು. ಕಣ್ಣು ತುಂಬಿಕೊಂಡಿತ್ತು. ಬೆರಳು ತೋರಿಸಿದ ಕಡೆ ಸಹಿ ಹಾಕಿದೆ.

ಹೀಗೆ ನನ್ನ ಮಗು ಗಂಡೋ ಹೆಣ್ಣೋ ನನಗೆ ಗೊತ್ತಾಗಲೇ ಇಲ್ಲ.

ಗೊತ್ತಿಲ್ಲದ್ದರಿಂದಲೇ ನನಗೆ ಇಬ್ಬರಾದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಸ್ವಲ್ಪ ಮೆದು, ಮಾತು ಕಡಿಮೆ, ಅಂಗಿಯ ತೋಳಿಗೆ ಮೂಗು ಒರೆಸುವವನು. ಹುಡುಗಿ ಎದುರಾಡುವವಳು, ಮರ ಹತ್ತುವವಳು, ಮೊಣಕಾಲು ಸದಾ ಕೆತ್ತಿಕೊಂಡಿರುತ್ತಿದ್ದಳು. ಪ್ರತಿ ವರ್ಷ ಸೆಪ್ಟೆಂಬರ್ ಒಂದರಂದು, ಶಾಲೆ ಶುರುವಾಗುವ ದಿನ, ಮಕ್ಕಳು ಹೂವು ಹಿಡಿದು ದಾರಿಯಲ್ಲಿ ಹೋಗುವಾಗ ನಾನು ಬಸ್ಸು ಪಕ್ಕಕ್ಕೆ ನಿಲ್ಲಿಸಿ ನೋಡುತ್ತಿದ್ದೆ. ನನ್ನವರಿಬ್ಬರೂ ಆ ಸಾಲಿನಲ್ಲಿರುತ್ತಿದ್ದರು. ಹುಡುಗನ ಹೂವಿನ ತೊಟ್ಟು ಮುರಿದಿರುತ್ತಿತ್ತು. ಹುಡುಗಿ ತನ್ನದನ್ನು ಕತ್ತಿಯಂತೆ ಬೀಸುತ್ತಿದ್ದಳು. ನಾನು ಮದುವೆಯಾಗಲಿಲ್ಲ, ಮನೆ ತುಂಬಿತ್ತು ಅನ್ನಬೇಕೋ, ಜಾಗವಿರಲಿಲ್ಲ ಅನ್ನಬೇಕೋ.

ಕಳೆದ ತಿಂಗಳ ಕೊನೆಯಲ್ಲಿ ಫೋನು ಬಂತು. ಸರ್ಕಾರಿ ಕಚೇರಿಯಿಂದ ಒಂದು ಎಳೆಯ ಹೆಣ್ಣು ದನಿ.

"ಉರ್ವೆ ಅವರಾ? ಕೂತ್ಕೊಂಡಿದೀರಾ?"

ನಾನು ಆಲೂಗಡ್ಡೆ ಚೀಲದ ಮೇಲೆ ಕೂತೆ.

"ನಿಮ್ಮನ್ನ ನೋಡಬೇಕು ಅಂತ ಒಬ್ಬರು ಅರ್ಜಿ ಹಾಕಿದಾರೆ. ಎಂಬತ್ನಾಕನೇ ಇಸವಿ ನವೆಂಬರಲ್ಲಿ ಹುಟ್ಟಿದವರು. ನಿಮಗೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಬಹುದು, ಯಾರೂ ಏನೂ ಅನ್ಕೊಳ್ಳಲ್ಲ."

"ಇಷ್ಟ ಇದೆ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಅಂದೆ.

"ಅವರು ಹೀಯುಮಾ ದ್ವೀಪದಲ್ಲಿದಾರೆ. ಹೆಸರು ತಾವೇ ಹೇಳ್ತೀನಿ ಅಂದಿದಾರೆ, ಅದಕ್ಕೆ ನಾನು ಹೇಳೋ ಹಾಗಿಲ್ಲ. ನುರ್ಮೆ ಅಂತ ತೋಟದ ಮನೆ. ಸೆಪ್ಟೆಂಬರ್ ಎರಡನೇ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬರಕ್ಕಾಗತ್ತಾ? ಇನ್ನೇನಾದ್ರೂ ಕೇಳೋದಿದೆಯಾ?"

ಕೇಳೋದಿತ್ತು. ಒಂದೇ ಒಂದಿತ್ತು. ಆದರೆ ಹೆತ್ತವಳು ಅದನ್ನು ಯಾವ ಬಾಯಿಂದ ಕೇಳುವುದು? ಆ ಎಳೆ ಹುಡುಗಿ ಫೋನು ಇಟ್ಟು ಪಕ್ಕದ ಮೇಜಿನವಳಿಗೆ, "ಏನೇ, ಇವಳಿಗೆ ಅದೂ ಗೊತ್ತಿಲ್ಲವಂತೆ," ಅನ್ನುವುದು ನನ್ನ ಕಿವಿಗೆ ಆಗಲೇ ಕೇಳಿಸಿತು.

"ಅಲ್ಲಿ ಕಾರು ನಿಲ್ಲಿಸಕ್ಕೆ ಜಾಗ ಇದೆಯಾ?" ಅಂತ ಕೇಳಿದೆ.

ಮನೆಯಲ್ಲಿ ಕೂತು ಆ ಶನಿವಾರಕ್ಕೆ ಕಾಯಲು ಆಗಲಿಲ್ಲ, ಅದಕ್ಕೇ ಮಂಗಳವಾರವೇ ಹೊರಟಿದ್ದು. ಕೈಯಲ್ಲಿ ದುಡ್ಡು ಕಡಿಮೆ, ಹೋಟೆಲಿನ ಮಾತೇ ಇಲ್ಲ. ನಮ್ಮ ಕಾಡುಗಳಲ್ಲಿ ದಾರಿಹೋಕರಿಗೆಂದು ಕಟ್ಟಿದ ಮರದ ಗುಡಿಸಲುಗಳಿವೆ. ಬೀಗವಿಲ್ಲ, ಬಾಡಿಗೆಯಿಲ್ಲ, ಒಲೆಯಿದೆ, ಸೌದೆಯಿದೆ. ಹೋಗುವಾಗ ಮುಂದೆ ಬರುವವರಿಗೆ ಒಂದಿಷ್ಟು ಸೌದೆ ಸೀಳಿಟ್ಟರೆ ಸಾಕು. ಸೆಪ್ಟೆಂಬರ್ ಆದ್ದರಿಂದ ಹೊಟ್ಟೆಯ ಚಿಂತೆಯೂ ಅರ್ಧ ಇಲ್ಲ. ತೋಟವಿದ್ದವರು ಗೇಟಿನ ಮುಂದೆ ಬಕೆಟ್ಟಿನಲ್ಲಿ ಸೇಬು ಇಟ್ಟು, ಬೇಕಾದವರು ಒಯ್ಯಿರಿ ಎಂದು ರಟ್ಟಿನ ಮೇಲೆ ಬರೆದಿರುತ್ತಾರೆ. ಮೊದಲ ದಿನವೇ ಅಷ್ಟು ಸೇಬು ತಿಂದೆ ಎಂದರೆ ರಾತ್ರಿ ಹೊಟ್ಟೆ ಗುಡುಗಿತು.

ಬುಧವಾರ ವಿಲ್ಯಾಂಡಿ ಪೇಟೆಯಲ್ಲಿ ನಿಲ್ಲಿಸಿದೆ. ಬರಿಗೈಯಲ್ಲಿ ಹೋಗಬಾರದಲ್ಲ. ಉಣ್ಣೆಯ ಸಾಮಾನು ಮಾರುವ ದಪ್ಪ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು ಹೆಣೆಯುತ್ತಿದ್ದಳು. ನಾನು ಕಾಲುಚೀಲಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದು ನೋಡಿ ಅವಳ ಸೂಜಿ ನಿಂತಿತು.

"ಯಾರಿಗಕ್ಕಾ?"

"ನನ್ನ ಮಗುಗೆ."

"ಮಕ್ಕಳದ್ದು ಈ ಕಡೆ. ಎಷ್ಟು ವಯಸ್ಸು?"

"ಮೂವತ್ತೆಂಟು."

ಅವಳು ಕನ್ನಡಕದ ಮೇಲಿಂದ ನೋಡಿದಳು. "ಸರಿ ಬಿಡಿ, ನಮಗೆ ಎಷ್ಟಾದ್ರೂ ಮಕ್ಕಳು ಮಕ್ಕಳೇ. ಪಾದ ಎಷ್ಟುದ್ದ?"

"ಗೊತ್ತಿಲ್ಲ."

"ಅಂದಾಜು?"

"ಅಂದಾಜೂ ಇಲ್ಲ."

"ಹೋಗ್ಲಿ, ಗಂಡಸಿನ ಸೈಜು ಕೊಡ್ಲಾ, ಹೆಂಗಸಿನದ್ದು ಕೊಡ್ಲಾ?"

ಕೈಯಲ್ಲಿದ್ದ ಕಾಲುಚೀಲವನ್ನು ಮಡಚಿ ಇದ್ದ ಜಾಗದಲ್ಲೇ ಇಟ್ಟೆ. ಹಿಂದೆ ನಿಂತಿದ್ದ ಮುದುಕ ಗಂಟಲು ಸರಿಮಾಡಿಕೊಂಡ. ಅಂಗಡಿಯವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಏನು ತಿಳಿದುಕೊಂಡಳೋ, ಸೂಜಿ ಮಡಿಲಲ್ಲಿಟ್ಟು ಪಕ್ಕದ ಅಂಗಡಿಯತ್ತ ಕೈ ತೋರಿಸಿದಳು.

"ಅಲ್ಲಿ ಜೂನಿಪರ್ ಮರದ ಬೆಣ್ಣೆ ಚೂರಿ ಇದೆ, ತಗೊಳ್ಳಿ. ಬ್ರೆಡ್ಡಿಗೆ ಬೆಣ್ಣೆ ಎಲ್ಲರೂ ಹಚ್ಕೋತಾರೆ."

ಚೂರಿ ಕೊಂಡೆ. ಕಾರಿನಲ್ಲಿ ಕೂತು ಅದನ್ನು ಮೂಸಿದೆ, ಕಾಡಿನ ವಾಸನೆ. ಆಮೇಲೆ ಬಾಯಿ ಮುಚ್ಚಿಕೊಂಡು ಅತ್ತೆ. ನಾಚಿಕೆಗೆ ಅತ್ತೆನೋ ಆಸೆಗೆ ಅತ್ತೆನೋ ಬೇರೆ ಮಾಡಲು ಆಗಲಿಲ್ಲ. ಜನ ತಮ್ಮ ಮಕ್ಕಳ ಕಾಲಿನ ಅಳತೆಯನ್ನು ಯೋಚಿಸದೆ ಹೇಳುತ್ತಾರೆ, ಬಸ್ಸಿನ ನಂಬರು ಹೇಳಿದ ಹಾಗೆ. ನನಗೂ ಹಾಗೆ ಹೇಳಬೇಕೆಂದು ಆಸೆಯಿತ್ತು.

ಗುರುವಾರ ಪ್ಯಾರ್ನುವಿನ ಕಡಲದಡದಲ್ಲಿ ಇಡೀ ದಿನ ಮಳೆ. ಬೇಸಿಗೆಯವರೆಲ್ಲ ಹೋಗಿಯಾಗಿತ್ತು, ಐಸ್‌ಕ್ರೀಮ್ ಅಂಗಡಿಗೆ ಹಲಗೆ ಬಡಿದಿದ್ದರು. ಕಾರಿನ ಗಾಜಿಗೆ ಉಸಿರಿನ ಮಂಜು ಕಟ್ಟಿತ್ತು. ನಾನು ಅದರ ಮೇಲೆ ಬೆರಳಿನಿಂದ ಎರಡು ಗೀಟು ಎಳೆದೆ, ಒಂದು ಉದ್ದ, ಒಂದು ಗಿಡ್ಡ, ಅವು ಕೆಳಗಿಳಿದು ಸೇರಿಕೊಳ್ಳುವವರೆಗೆ ನೋಡುತ್ತಾ ಕೂತೆ. ಚಿಕ್ಕವಳಾಗಿದ್ದಾಗ ನೋಡಿರದ ಸಮುದ್ರ ಅದು, ಐವತ್ತೆಂಟಕ್ಕೆ ನೋಡಿದೆ, ಆದರೂ ಸಮುದ್ರದ ಮೇಲೆ ಕಣ್ಣು ನಿಲ್ಲಲಿಲ್ಲ. ದೂರದಲ್ಲಿ ಯಾರೇ ಛತ್ರಿ ಹಿಡಿದು ನಡೆದರೂ ವಯಸ್ಸು ಅಂದಾಜು ಹಾಕುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಲಿಹುಲಾ ಹತ್ತಿರದ ಕಾಡಿನ ಗುಡಿಸಲಿಗೆ ಬಂದೆ. ಅಲ್ಲಿಂದ ಹಡಗುಕಟ್ಟೆ ಒಂದು ಗಂಟೆಯ ದಾರಿ. ಗುಡಿಸಲಲ್ಲಿ ಆಗಲೇ ಒಬ್ಬ ಮುದುಕ ಬೀಡುಬಿಟ್ಟಿದ್ದ. ಎಪ್ಪತ್ತೈದು ದಾಟಿತ್ತು, ಸೈಕಲ್ಲಿನಲ್ಲಿ ಬಂದಿದ್ದ, ಹೆಸರು ಎಂಡೆಲ್. ಒಂದು ಬುಟ್ಟಿ ತುಂಬ ಹಳದಿ ಅಣಬೆ ಕಿತ್ತು ತಂದು ಈರುಳ್ಳಿಯ ಜೊತೆ ಬೆಣ್ಣೆಯಲ್ಲಿ ಹುರಿಯುತ್ತಿದ್ದ. ನನ್ನನ್ನು ಕಂಡು ಒಂದೂ ಮಾತಾಡದೆ ಇನ್ನೊಂದು ಹಿಡಿ ಅಣಬೆ ಬಾಣಲೆಗೆ ಹಾಕಿದ. ನಮ್ಮವರ ಸ್ವಾಗತ ಇಷ್ಟೇ, ಇದಕ್ಕಿಂತ ಹೆಚ್ಚು ಮಾಡಿದರೆ ಅನುಮಾನ ಪಡಬೇಕು.

ಊಟದ ಅರ್ಧಕ್ಕೆ ಮಾತು ಹೊರಟಿತು.

"ಎಲ್ಲಿಗೆ ತಾಯಿ ಪ್ರಯಾಣ?"

"ಹೀಯುಮಾಗೆ. ನನ್ನ ಮಗು ಇದೆ ಅಲ್ಲಿ."

"ಮಗನೋ ಮಗಳೋ?"

ಗುರುತಿಲ್ಲದ ಮುದುಕ, ನಾಳೆ ಸೈಕಲ್ ಹತ್ತಿ ಹೋಗುವವನು. ಮೂವತ್ತೆಂಟು ವರ್ಷ ಯಾರಿಗೂ ಹೇಳದ್ದನ್ನು ಒಂದು ತಟ್ಟೆ ಅಣಬೆ ಮುಗಿಯುವುದರೊಳಗೆ ಅವನಿಗೆ ಹೇಳಿಬಿಟ್ಟೆ. ಗೋಡೆ, ಎಣ್ಣೆಬಣ್ಣ, ಫೋನು, ಕಾಲುಚೀಲ, ಎಲ್ಲ. ಎಂಡೆಲ್ ತಟ್ಟೆಯನ್ನು ಬ್ರೆಡ್ಡಿನ ತುಣುಕಿನಿಂದ ಒರೆಸಿ ತಿಂದು ಮುಗಿಸಿದ.

"ಗಂಡೋ ಹೆಣ್ಣೋ, ಏನಾದ್ರೆ ಏನಮ್ಮ? ಬದುಕಿದೆಯಲ್ಲ. ನಿನ್ನನ್ನ ಹುಡುಕಿದೆಯಲ್ಲ."

"ಏನಾದ್ರೆ ಏನು ಅಂತ ನೀವು ಹೇಳಬಹುದು ಯಜಮಾನ್ರೇ," ನನಗೆ ಸಿಟ್ಟು ಬಂತು, "ನಿಮಗೆ ಗೊತ್ತಿಲ್ಲ. ನನಗೆ ಇಬ್ಬರಿದಾರೆ."

"ಅವಳಿ ಹುಟ್ಟಿದ್ವಾ?"

"ಅಲ್ಲ. ಹುಟ್ಟಿದ್ದು ಒಂದೇ. ನಾನು ಬೆಳೆಸಿದ್ದು ಎರಡು."

ಹುಡುಗನ ಮೂಗಿನ ವಿಷಯ, ಹುಡುಗಿಯ ಮೊಣಕಾಲಿನ ವಿಷಯ ಹೇಳಿದೆ. ಹುಡುಗನಿಗೆ ಹದಿನೆಂಟಾದಾಗ ಗಡ್ಡ ಬರದೆ ಒದ್ದಾಡಿದ್ದು, ಹುಡುಗಿ ಇಪ್ಪತ್ತೆರಡಕ್ಕೆ ಯಾರನ್ನೋ ಕಟ್ಟಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದು, ನಾನು ಬಸ್ಸು ಓಡಿಸುತ್ತಾ ಅವಳ ಜೊತೆ ಜೋರಾಗಿ ಜಗಳಾಡಿದ್ದು. ನಗುತ್ತಾನೆ ಅಂದುಕೊಂಡಿದ್ದೆ. ಎಂಡೆಲ್ ನಗಲಿಲ್ಲ. ಒಲೆಗೆ ಸೌದೆ ನೂಕಿ ಬೆನ್ನು ನನ್ನ ಕಡೆ ಮಾಡಿಯೇ ಹೇಳಿದ.

"ಹಂಗಾದ್ರೆ ನಾಳೆ ಒಬ್ಬರು ಸಿಗ್ತಾರೆ, ಒಬ್ಬರು ಹೋಗ್ತಾರೆ."

ನಾಲ್ಕು ದಿನದಿಂದ ನನ್ನ ಎದೆಯ ಮೇಲೆ ಕೂತಿದ್ದ ಭಾರಕ್ಕೆ ಯಾರೋ ಹೆಸರಿಟ್ಟ ಹಾಗಾಯಿತು. ಕೈಲಿದ್ದ ತಟ್ಟೆ ಕೆಳಗಿಟ್ಟೆ.

"ಇಲ್ಲಿಂದಲೇ ವಾಪಸ್ ಹೋದ್ರೆ?" ಎಂದೆ.

"ಹೋದ್ರೆ ಇಬ್ಬರೂ ಉಳೀತಾರೆ. ನಿನ್ನ ತಲೆಯೊಳಗೆ."

"ತಲೆಯೊಳಗೆ ಇರೋದು ಕಮ್ಮೀನಾ?"

"ನಾನು ಹೇಗೆ ಹೇಳಲಿ ತಾಯಿ," ಅಂದ ಎಂಡೆಲ್. "ನನಗೆ ಇರೋರು ಮೂರು ಜನ ಗಂಡುಮಕ್ಕಳು, ಮೂವರೂ ಫೋನ್ ಮಾಡಲ್ಲ."

ಬೆಳಗ್ಗೆ ಎದ್ದಾಗ ಅವನಿರಲಿಲ್ಲ. ಸೌದೆ ಬೇಕಾದ್ದಕ್ಕಿಂತ ಹೆಚ್ಚು ಸೀಳಿಟ್ಟು ಹೋಗಿದ್ದ, ನನ್ನ ಪಾಲಿನದ್ದನ್ನೂ ಸೇರಿಸಿ. ಏಳೂವರೆಗೆ ಕಾರು ಹೊರಡಿಸಿದೆ. ಮುಖ್ಯರಸ್ತೆಗೆ ಬಂದಾಗ ಬಲಕ್ಕೆ ತಿರುಗಿದರೆ ಹಡಗುಕಟ್ಟೆ, ಎಡಕ್ಕೆ ತಿರುಗಿದರೆ ಬಂದ ದಾರಿ. ಕೈ ತಾನಾಗಿ ಎಡಕ್ಕೆ ತಿರುಗಿಸಿತು.

ಮೂವತ್ತು ಕಿಲೋಮೀಟರ್ ಹೋದೆ. ಎದೆ ಹಗುರವಾಯಿತು, ಸುಳ್ಳು ಹೇಳುವುದಿಲ್ಲ. ಇಬ್ಬರೂ ಹಿಂದಿನ ಹಾಸಿಗೆಯ ಮೇಲೆ ಕೂತಿದ್ದಾರೆ, ಹುಡುಗ ಕಿಟಕಿಗೆ ಮೂಗೊತ್ತಿ ಹೊರಗೆ ನೋಡುತ್ತಿದ್ದಾನೆ, ಹುಡುಗಿ ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕುತ್ತಿದ್ದಾಳೆ, ನಾವು ಮೂವರೂ ಮನೆಗೆ ಹೋಗುತ್ತಿದ್ದೇವೆ. ಒಂದು ಹಳ್ಳಿಯಲ್ಲಿ ಗೇಟಿನ ಮುಂದೆ ಸೇಬಿನ ಬಕೆಟ್ ಕಂಡು ನಿಲ್ಲಿಸಿದೆ. ಅಭ್ಯಾಸಬಲ, ಮೂರು ಸೇಬು ತೆಗೆದೆ. ಒಂದನ್ನು ಕಚ್ಚಿದೆ. ಇನ್ನೆರಡು ಕೈಯಲ್ಲಿ ಉಳಿದವು.

ಯಾರಿಗೆ ಕೊಡುವುದು?

ಹಿಂದಿನ ಹಾಸಿಗೆಯ ಮೇಲೆ ಮಡಚಿದ ಕಂಬಳಿ ಬಿಟ್ಟು ಏನೂ ಇರಲಿಲ್ಲ. ಅವರಿಬ್ಬರಿಗೂ ಒಂದು ದಿನವೂ ಹಸಿವಾಗಿದ್ದಿಲ್ಲ. ಒಂದು ದಿನವೂ ನನಗೆ ಫೋನು ಮಾಡಿದ್ದಿಲ್ಲ. ಇಷ್ಟು ವರ್ಷ ಒಂದು ದಿನವೂ ನನ್ನನ್ನು ಹುಡುಕಿದ್ದಿಲ್ಲ, ಏಕೆಂದರೆ ನಾನು ಕರೆದಾಗ ಬರುತ್ತಿದ್ದರು. ಅರ್ಜಿ ಬರೆದದ್ದು ಬೇರೆ ಯಾರೋ. ಕಚೇರಿಯ ಮೆಟ್ಟಿಲು ಹತ್ತಿ, ಅಪರಿಚಿತರ ಮುಂದೆ ಕೂತು, ನನ್ನ ತಾಯಿ ಬೇಕು ಎಂದದ್ದು ಬೇರೆ ಯಾರೋ. ಆ ಯಾರೋ ಈಗ ಗಡಿಯಾರ ನೋಡುತ್ತಿರಬಹುದು. ಮೂವತ್ತೆಂಟು ವರ್ಷದ ಹಿಂದೆ ಗೋಡೆಯ ಕಡೆ ತಿರುಗಿದ್ದೆ. ಇದು ಎರಡನೆಯ ಸಲ. ಇನ್ನು ತಡೆಯಲಾಗಲಿಲ್ಲ. ರಸ್ತೆಯ ಮಧ್ಯದಲ್ಲೇ ಕಾರು ತಿರುಗಿಸಿದೆ. ಎದುರು ಬಂದ ಟ್ರ್ಯಾಕ್ಟರಿನವನು ಕೈ ಎತ್ತಿ ಬೈದ. ನಾನೂ ಬೈದೆ.

ಹಡಗುಕಟ್ಟೆ ಮುಟ್ಟಿದಾಗ ನಾನು ಹತ್ತಬೇಕಿದ್ದ ಹಡಗು ಬಿಳಿ ಚುಕ್ಕೆಯಾಗಿತ್ತು. ಮುಂದಿನದು ಹನ್ನೆರಡಕ್ಕೆ. ನುರ್ಮೆಯ ಫೋನ್ ನಂಬರು ನನ್ನ ಹತ್ತಿರ ಇಲ್ಲ, ಕಚೇರಿಗೆ ಶನಿವಾರ ರಜೆ. ಹನ್ನೆರಡಕ್ಕೆ, ನಾನು ಆ ಅಂಗಳದಲ್ಲಿ ನಿಂತಿರಬೇಕಾಗಿದ್ದ ಹೊತ್ತಿಗೆ, ಹಡಗಿನ ಕಟಕಟೆ ಹಿಡಿದು ನಿಂತಿದ್ದೆ. ಹೊಗೆಯಲ್ಲಿ ಬೇಯಿಸಿದ ಮೀನಿಟ್ಟ ಬ್ರೆಡ್ಡು ತಿನ್ನುತ್ತಿದ್ದ ಜನರ ಮಧ್ಯೆ ನನಗೆ ಒಂದೇ ಯೋಚನೆ: ಅಮ್ಮ ಬರಲಿಲ್ಲ ಅಂದುಕೊಳ್ಳುತ್ತದೆ ಮಗು. ಎರಡನೇ ಸಲವೂ ಬಿಟ್ಟುಹೋದಳು ಅಂದುಕೊಳ್ಳುತ್ತದೆ. ಇಷ್ಟು ದಿನ ಗಂಡೋ ಹೆಣ್ಣೋ ಎಂದು ಕೊರಗಿದವಳಿಗೆ ಆಗ ಅದರ ನೆನಪೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಎಲ್ಲಿಗೂ ಹೋಗದಿದ್ದರೆ ಸಾಕು ಅನ್ನುವುದೊಂದೇ ಆಸೆ.

ನುರ್ಮೆಗೆ ಬಂದಾಗ ಎರಡು ಗಂಟೆ. ರಸ್ತೆ ಮಣ್ಣಿನದಾಗಿ, ಆಮೇಲೆ ಬರೀ ಚಕ್ರದ ಗುರುತಾಗಿ, ಕೊನೆಗೆ ಒಂದು ಕೆಂಪು ಮರದ ಮನೆ. ಅಂಗಳದ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಜನರ ಚೀಲ ಓದಿದವಳು ಹಗ್ಗ ಓದದೆ ಬಿಡುತ್ತಾಳೆಯೇ. ಗಂಡಸಿನ ಅಂಗಿಗಳು, ಹೆಂಗಸಿನ ಲಂಗಗಳು, ಹಾಸಿಗೆ ಬಟ್ಟೆ. ಹಗ್ಗ ಏನನ್ನೂ ಬಿಟ್ಟುಕೊಡಲಿಲ್ಲ. ಇಂಜಿನ್ ಆರಿಸಿ ಇಳಿದೆ. ಕಾರಿನ ಬಾಗಿಲು ಹಿಡಿದು ನಿಂತೆ.

ಸೌದೆಮನೆಯ ಕಡೆಯಿಂದ ಒಬ್ಬ ಗಂಡಸು ಬಂದ. ಅದೇ ಹೊತ್ತಿಗೆ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಇಬ್ಬರಿಗೂ ನಲವತ್ತರ ಆಸುಪಾಸು. ಇಬ್ಬರ ಕೂದಲೂ ಒಣಹುಲ್ಲಿನ ಬಣ್ಣ, ಇಬ್ಬರ ಕಾಲಲ್ಲೂ ರಬ್ಬರ್ ಬೂಟು. ನನ್ನನ್ನು ಕಂಡು ಇಬ್ಬರೂ ಇದ್ದಲ್ಲೇ ನಿಂತರು. ಯಾರೂ ಮಾತಾಡಲಿಲ್ಲ.

ನಮ್ಮ ಜನರೇ ಹೀಗೆ. ಮೊದಲ ಮಾತು ಇನ್ನೊಬ್ಬರು ಆಡಲಿ ಎಂದು ಕಾಯುತ್ತಾರೆ. ಹುಟ್ಟಿದಾಗಿನಿಂದ ಈ ಚಾಳಿಯನ್ನು ಬೈಯುತ್ತಾ ಬಂದಿದ್ದೆ, ಆವತ್ತು ಅದು ನನಗೆ ವರವಾಯಿತು. ಹುಡುಗ ಸೌದೆಮನೆಯ ಹತ್ತಿರ, ಹುಡುಗಿ ಬಾಗಿಲಲ್ಲಿ. ಇಬ್ಬರೂ ದೊಡ್ಡವರಾಗಿದ್ದಾರೆ, ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ. ಜೀವಮಾನದಲ್ಲಿ ಮೊದಲ ಸಲ ನನ್ನ ಇಬ್ಬರು ಮಕ್ಕಳೂ ನನ್ನ ಕಣ್ಣೆದುರಿಗೆ ಇದ್ದರು. ಮಾತಾಡಬೇಡಿ, ಇನ್ನೊಂದು ಚೂರು ಹೊತ್ತು ಯಾರೂ ಮಾತಾಡಬೇಡಿ ಎಂದು ಬೇಡಿಕೊಂಡೆ.

ಹೆಂಗಸು ಮೆಟ್ಟಿಲಿಳಿದು ಓಡಿಬಂದಳು. ಓಡಿಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಹಿಟ್ಟಿನ ವಾಸನೆ, ಸೋಪಿನ ವಾಸನೆ. ಮಗಳು! ಹೆಣ್ಣು ಮಗು ಹೆತ್ತಿದ್ದೆ ನಾನು. ಅವಳ ಬೆನ್ನ ಮೇಲೆ ನನ್ನ ಎರಡೂ ಕೈ ಹರಡಿದೆ, ಭುಜದ ಮೂಳೆ ಸಿಕ್ಕಿತು, ಅದನ್ನು ಸವರಿದೆ. ಅವಳ ಭುಜದ ಮೇಲಿಂದ ಆ ಗಂಡಸು ಕಾಣುತ್ತಿದ್ದ. ಅಳಿಯ ಇರಬೇಕು. ಎಲ್ಲಿ ಕೈ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ನಿಂತಿದ್ದ. ನನ್ನ ಹುಡುಗನಿಗೆ, ಆ ಮೂಗೊರೆಸುವವನಿಗೆ, ಹೋಗಿ ಬಾ ಕಂದ, ತಪ್ಪು ತಿಳ್ಕೋಬೇಡ ಎಂದು ಮನಸ್ಸಿನಲ್ಲೇ ಹೇಳಿದೆ. ಅವನು ಎಂದಿನಂತೆ ಮಾತಿಲ್ಲದೆ ಹೋದ.

"ಬರಲ್ವೇನೋ ಅಂದ್ಕೊಂಡ್ವಿ," ಅವಳು ನನ್ನ ಕಿವಿಯ ಹತ್ತಿರ ಅಳುತ್ತಾ ನಗುತ್ತಾ ಹೇಳಿದಳು. "ಇವರಂತೂ ಬೆಳಗ್ಗೆಯಿಂದ ಮೂರು ವರ್ಷಕ್ಕಾಗೋಷ್ಟು ಸೌದೆ ಸೀಳಿದಾರೆ. ಬಾಯೇ ಬರಲ್ಲ ಇವರಿಗೆ, ಅದಕ್ಕೇ ನಾನೇ ಓಡಿಬಂದೆ. ನಾನು ತೇಲೆ, ಅತ್ತೆ. ನಿಮ್ಮ ಸೊಸೆ."

ಸೊಸೆ.

ಅವಳ ತೋಳು ಇನ್ನೂ ನನ್ನ ಸುತ್ತಲೇ ಇತ್ತು. ಮಗಳು ಮಾತ್ರ ಇರಲಿಲ್ಲ. ಮೊಣಕಾಲು ಕೆತ್ತಿಕೊಂಡವಳು, ನನ್ನ ಜೊತೆ ಬಸ್ಸಿನಲ್ಲಿ ಜಗಳಾಡಿದವಳು, ಒಂದು ಅಪ್ಪುಗೆಯಷ್ಟು ಹೊತ್ತು ಮೈತುಂಬ ಸಿಕ್ಕಿ ಹೋಗಿಬಿಟ್ಟಳು. ಅವಳಿಗೆ ಹೋಗಿ ಬಾ ಅನ್ನಲು ಸಮಯವೂ ಸಿಗಲಿಲ್ಲ.

ಗಂಡಸು ಹತ್ತಿರ ಬಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹೊಸಬರಿಗೆ ಕೊಡುವ ಹಾಗೆ ಮುಂದೆ ಚಾಚಿದ.

"ಐಗರ್," ಎಂದ. ಸ್ವಲ್ಪ ತಡೆದು, "ಅಮ್ಮ ಅನ್ನಲಾ ಬೇಡ್ವಾ ಗೊತ್ತಾಗ್ತಿಲ್ಲ."

"ಅನ್ನಪ್ಪ," ಅಂದೆ. ನನ್ನ ಗಲ್ಲದ ಮೇಲೆ ನೀರು ಸುರಿಯುತ್ತಿತ್ತು. ಅವನ ಕೈ ಹಿಡಿದುಕೊಂಡೆ. ದೊಡ್ಡ ಕೈ, ಬೊಕ್ಕೆ ಎದ್ದಿತ್ತು, ಬಿಸಿಯಾಗಿತ್ತು.

"ಯಾಕೆ ಅಷ್ಟೊಂದು ಅಳ್ತಿದೀರಿ?"

ಸುಳ್ಳು ಹೇಳಬಹುದಿತ್ತು. ಮೂವತ್ತೆಂಟು ವರ್ಷದ ಮೇಲೆ ಮೊದಲ ಮಾತೇ ಸುಳ್ಳಾಗುವುದು ಬೇಡ ಅನಿಸಿತು.

"ನೀನು ಗಂಡು ಅಂತ ನನಗೆ ಗೊತ್ತಿರಲಿಲ್ಲ ಕಣಪ್ಪ. ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ."

ಅವನು ನೆಲ ನೋಡಿದ. ಅವನ ಕೈ ನನ್ನ ಕೈಯೊಳಗೆ ಸ್ವಲ್ಪ ಸಡಿಲವಾಯಿತು.

"ನಿಮಗೆ ಹೆಣ್ಣು ಬೇಕಿತ್ತಾ?"

"ಇಬ್ಬರೂ ಬೇಕಿತ್ತು," ಅಂದೆ.

ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ, ನನ್ನ ಮಗನ ಕೈಯನ್ನು. ಇನ್ನೊಂದು ಕೈಯಲ್ಲಿ ತೇಲೆಯ ತೋಳು ಸಿಕ್ಕಿಕೊಂಡಿತ್ತು. ಒಳಗೆ ಬನ್ನಿ, ಊಟ ತಣ್ಣಗಾಗತ್ತೆ ಎಂದು ಅವಳು ಎರಡು ಸಲ ಕರೆದಳು. ನಾನು ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.